ಐದನೆಯ ಚಕ್ರಕ್ಕೊಂದು ಜಾಗ

ಅಲಾಸ್ಕಾದ ಡಾಲ್ಟನ್ ಹೆದ್ದಾರಿಯಲ್ಲಿ ಕೋಲ್ಡ್‌ಫುಟ್ ಎಂಬ ಪುಟ್ಟ ತಂಗುದಾಣವಿದೆ. ಅಲ್ಲಿಂದ ಉತ್ತರಕ್ಕೆ ಹೊರಟರೆ ಮುಂದಿನ 386 ಕಿಲೋಮೀಟರ್‌ವರೆಗೆ ಪೆಟ್ರೋಲ್ ಬಂಕ್ ಇಲ್ಲ, ಊಟದ ಹೋಟೆಲ್ ಇಲ್ಲ, ಟಯರ್ ಅಂಗಡಿಯಂತೂ ಇಲ್ಲವೇ ಇಲ್ಲ. ತೈಲದ ಕೊಳವೆಮಾರ್ಗಕ್ಕಾಗಿ 1974ರಲ್ಲಿ ಕಡಿದ ಈ ರಸ್ತೆಯ ಬಹುಭಾಗ ಈಗಲೂ ಚೂಪು ಜಲ್ಲಿಯದು. ಆ ಸೀಮೆಯ ಭೂಮಿಯ ಉಸ್ತುವಾರಿ ಹೊತ್ತ ಸರ್ಕಾರಿ ಇಲಾಖೆ ಪ್ರಯಾಣಿಕರಿಗೆ ಕೊಡುವ ಬುದ್ಧಿವಾದದಲ್ಲಿ ಸ್ಟೆಪ್ನಿಯ ಮಾತು ತಪ್ಪದೆ ಬರುತ್ತದೆ: ಪೂರ್ಣ ಅಳತೆಯದೇ ಇರಲಿ, ಒಂದಲ್ಲ, ಎರಡಿರಲಿ.

ಅಮೆರಿಕ, ಕೆನಡಾಗಳಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಇಡೀ ಮನೆಯನ್ನೇ ಎಳೆದುಕೊಂಡು ಊರೂರು ಸುತ್ತುವವರು ಬಹಳ. ಒಲೆ, ಹಾಸಿಗೆ, ಶೌಚಾಲಯ, ನೀರಿನ ಟ್ಯಾಂಕು ಎಲ್ಲವೂ ಇರುವ ಈ ಗಾಲಿಮನೆಗೆ ಅವರು ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಒಂದು ಹದದ ಟ್ರೇಲರ್ ಮೂರರಿಂದ ನಾಲ್ಕು ಟನ್ ತೂಗುತ್ತದೆ. ಎರಡು ಆಕ್ಸಲ್, ನಾಲ್ಕು ಚಕ್ರ. ಐದನೆಯದಾದ ಸ್ಟೆಪ್ನಿ ಹೊಟ್ಟೆಯಡಿಯಲ್ಲಿ ಎಲ್ಲೋ ಮಲಗಿರುತ್ತದೆ. ಮಾಲೀಕರು ಮೊದಲಿನ ನಾಲ್ಕು ಟಯರ್‌ಗಳನ್ನು ತೆಗೆದು ಒಂದು ಅಳತೆ ದೊಡ್ಡದನ್ನು ಹಾಕಿಸಿದ ದಿನ ಈ ಐದನೆಯದರ ಪ್ರಶ್ನೆ ಏಳುತ್ತದೆ. ಒಂದೇ ಒಂದು ಇಂಚು ದೊಡ್ಡದಾದ ಟಯರು ಸ್ಟೆಪ್ನಿಯ ಹಳೆಯ ಗೂಡಿಗೆ ಹೋಗುವುದಿಲ್ಲ. ಒಂದು ಇಂಚು ತಾನೇ ಎಂದು ತಳ್ಳಿಹಾಕುವ ಹಾಗಿಲ್ಲ, ಏಕೆಂದರೆ ಗೂಡು ಕೇಳುವುದು ಒಂದು ಇಂಚನ್ನಲ್ಲ, ಅದಕ್ಕಿಂತ ಹೆಚ್ಚನ್ನು. ಅದು ಹೇಗೆ ಎಂಬುದಕ್ಕೆ ಸೊಗಸಾದ ರೇಖಾಗಣಿತವಿದೆ. ಅಲ್ಲಿಗೆ ಹೋಗುವ ಮೊದಲು ಟಯರಿನ ಮೈಮೇಲಿನ ಬರಹ ಓದೋಣ.

ಬಹುಕಾಲ ಈ ಟ್ರೇಲರ್‌ಗಳ ಪೈಕಿ ತುಂಬ ಸಾಮಾನ್ಯವಾಗಿದ್ದ ಟಯರಿನ ಪಕ್ಕೆಯ ಮೇಲೆ 'ಎಸ್‌ಟಿ 225/75 ಆರ್ 15' ಎಂದಿರುತ್ತದೆ. ಎಸ್‌ಟಿ ಎಂದರೆ ಟ್ರೇಲರ್‌ಗೆಂದೇ ಮಾಡಿದ್ದು. 225 ಎಂಬುದು ಮಿಲಿಮೀಟರಿನಲ್ಲಿ ಟಯರಿನ ಅಗಲ. 75 ಅಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು. 15 ಮಾತ್ರ ಇಂಚಿನಲ್ಲಿ, ಅದು ರಿಮ್ಮಿನ ವ್ಯಾಸ. ಹೀಗೆ ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಇಂಚು ಮೂರೂ ಸೇರಿಕೊಂಡಿವೆ. ಲೆಕ್ಕ ಹಾಕಿದರೆ ರಿಮ್ಮಿಗೆ 381 ಮಿಲಿಮೀಟರ್, ಮೇಲೊಂದು ಕೆಳಗೊಂದು ಪಕ್ಕೆಗೆ 337.5, ಒಟ್ಟು ವ್ಯಾಸ 718.5 ಮಿಲಿಮೀಟರ್. ಇದರ ಬದಲು ಹಲವರು ಹಾಕಿಸುವುದು ಲಘು ಟ್ರಕ್ಕುಗಳ 'ಎಲ್‌ಟಿ 225/75 ಆರ್ 16'. ಅಗಲ ಅದೇ, ರಿಮ್ ಒಂದು ಇಂಚು ದೊಡ್ಡದು, ವ್ಯಾಸ 743.9 ಮಿಲಿಮೀಟರ್. ಇನ್ನೂ ಭಾರದ ಟ್ರೇಲರ್‌ಗಳಿಗೆ ಎಸ್‌ಟಿ 235/80 ಆರ್ 16 ಇದೆ. ಅದು 782 ಮಿಲಿಮೀಟರ್ ದಾಟುತ್ತದೆ.

ಯಾಕೆ ಬದಲಿಸುತ್ತಾರೆ? ಕಾರಣ ಶಾಖ. ಭಾರ ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ. 80 ಪಿಎಸ್‌ಐ ಒತ್ತಡದ ಟಯರಿನ ಮೇಲೆ ಒಂದು ಟನ್ ಕೂತರೆ ನೆಲಕ್ಕೆ ತಾಗುವ ಜಾಗ ಸುಮಾರು 178 ಚದರ ಸೆಂಟಿಮೀಟರ್, ಅಂದರೆ ಒಂದೂವರೆ ಅಂಚೆ ಕಾರ್ಡಿಗಿಂತ ಸ್ವಲ್ಪ ಕಡಿಮೆ. ಟಯರಿನ ಪ್ರತಿ ಭಾಗವೂ ಈ ತಾಣಕ್ಕೆ ಬಂದಾಗ ಬಾಗಿ ಚಪ್ಪಟೆಯಾಗುತ್ತದೆ, ದಾಟಿದ ಮೇಲೆ ಮತ್ತೆ ದುಂಡಗಾಗುತ್ತದೆ. ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಇದು ಸೆಕೆಂಡಿಗೆ ಸುಮಾರು 13 ಸಲ ನಡೆಯುತ್ತದೆ. ಬಾಗಿಸಲು ಕೊಟ್ಟ ಶಕ್ತಿಯನ್ನು ರಬ್ಬರು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಉಳಿಸಿಕೊಂಡದ್ದು ಶಾಖವಾಗಿ ಒಳಗೆ, ಉಕ್ಕಿನ ಪಟ್ಟಿಗಳ ಅಂಚಿನಲ್ಲಿ ಕೂಡುತ್ತದೆ. ಗಾಳಿ ಕಡಿಮೆಯಿದ್ದರೆ ಬಾಗುವಿಕೆ ಹೆಚ್ಚು, ಶಾಖವೂ ಹೆಚ್ಚು. ಅದು ಮಿತಿ ಮೀರಿದಾಗ ಪಟ್ಟಿಯಿಂದ ಮೇಲಿನ ತುಳಿಮೈ ಬಿಟ್ಟುಕೊಳ್ಳುತ್ತದೆ, ಮತ್ತು ಬಿಟ್ಟುಕೊಂಡ ಆ ರಬ್ಬರಿನ ಪಟ್ಟೆ ಚಕ್ರದ ಗೂಡಿಗೆ ಬಡಿಯುತ್ತ ತಿರುಗಿ ನೆಲಹಾಸು, ವೈರು, ಅನಿಲದ ಕೊಳವೆ, ಸಿಕ್ಕಿದ್ದನ್ನೆಲ್ಲ ಹರಿಯುತ್ತದೆ.

ಟ್ರೇಲರ್ ಟಯರ್‌ಗಳ ಭಾರದ ಲೆಕ್ಕವನ್ನು ಬಹುಕಾಲ ಗಂಟೆಗೆ 65 ಮೈಲು, ಅಂದರೆ 105 ಕಿಲೋಮೀಟರ್ ವೇಗದ ಮಿತಿ ಇಟ್ಟುಕೊಂಡೇ ಮಾಡುತ್ತಿದ್ದರು. ಅಮೆರಿಕದ ಪಶ್ಚಿಮ ರಾಜ್ಯಗಳ ಹೆದ್ದಾರಿಗಳು ಅದಕ್ಕಿಂತ ವೇಗವಾಗಿ ಓಡುತ್ತವೆ. 2017ರಲ್ಲಿ ಗುಡ್‌ಇಯರ್ ಕಂಪನಿ 'ಎಂಡ್ಯೂರೆನ್ಸ್' ಎಂಬ ಎಸ್‌ಟಿ ಟಯರನ್ನು ಗಂಟೆಗೆ 140 ಕಿಲೋಮೀಟರಿನ ದರ್ಜೆಯೊಂದಿಗೆ ತಂದ ಮೇಲೆ ಹಳೆಯ ಅಳತೆಯಲ್ಲೇ ಉಳಿಯುವುದು ಸುಲಭವಾಯಿತು. ಆದರೂ 16 ಇಂಚಿಗೆ ಏರುವವರು ಏರುತ್ತಲೇ ಇದ್ದಾರೆ. 65 ಪಿಎಸ್‌ಐನ ಹಳೆಯ ಟಯರು 1,150 ಕಿಲೋ ಹೊರುವ ಕಡೆ 80 ಪಿಎಸ್‌ಐನ ಎಲ್‌ಟಿ ಟಯರು 1,215 ಕಿಲೋ ಹೊರುತ್ತದೆ. ದೊಡ್ಡ ಎಸ್‌ಟಿ 235 ಆದರೆ ಸುಮಾರು 1,600 ಕಿಲೋ. ಒತ್ತಡ ಏರಿಸುವವರು ರಿಮ್ಮಿನ ಬೆನ್ನಿಗೆ ಒತ್ತಿರುವ ಅಂಕಿಯನ್ನೂ ನೋಡಬೇಕು, 65 ಪಿಎಸ್‌ಐಗೆ ಮಾಡಿದ ರಿಮ್ಮಿಗೆ 80 ತುಂಬಿಸುವಂತಿಲ್ಲ.

ಹಳೆಯ ಸಣ್ಣ ಸ್ಟೆಪ್ನಿಯೇ ಇರಲಿ, ಹತ್ತಿರದ ಊರು ಮುಟ್ಟುವವರೆಗೆ ತಾನೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಟ್ರೇಲರಿನ ಚಕ್ರಗಳಿಗೆ ಎಂಜಿನ್ನಿನ ಸಂಬಂಧವಿಲ್ಲ, ಪ್ರತಿ ಚಕ್ರವೂ ತನ್ನ ಪಾಡಿಗೆ ಉರುಳುತ್ತದೆ. ಆದ್ದರಿಂದ ಎಡಬಲದ ವ್ಯಾಸ ಬೇರೆಯಾದರೆ ಹಲ್ಲುಚಕ್ರ ಸವೆಯುವ ಭಯ ಇಲ್ಲಿಲ್ಲ. ತೊಂದರೆ ಇರುವುದು ಭಾರದ ಹಂಚಿಕೆಯಲ್ಲಿ. ಪಟ್ಟಿ ಸ್ಪ್ರಿಂಗಿನ ಟ್ರೇಲರ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಸ್ಪ್ರಿಂಗುಗಳ ನಡುವೆ ಒಂದು ತೂಗುಸನ್ನೆ ಇರುತ್ತದೆ. ಒಂದು ಚಕ್ರ ಕೆಳಗಿಳಿದರೆ ಇನ್ನೊಂದು ಮೇಲೇರಿ ಹೊರೆ ಸಮವಾಗುತ್ತದೆ. ಅಲ್ಲಿ ಅರ್ಧ ಇಂಚಿನ ತಗ್ಗನ್ನು ಗಾಡಿ ನುಂಗಿಕೊಳ್ಳುತ್ತದೆ. ಆದರೆ ಏರ್‌ಸ್ಟ್ರೀಮ್‌ನಂಥ ಟ್ರೇಲರ್‌ಗಳಲ್ಲಿ ಟಾರ್ಷನ್ ಆಕ್ಸಲ್ ಇದೆ: ಚೌಕ ಕೊಳವೆಯೊಳಗೆ ರಬ್ಬರಿನ ದಂಡಗಳು, ಅವನ್ನು ತಿರುಚುವ ಒಂದೊಂದು ತೋಳು, ಆ ತೋಳಿಗೆ ಒಂದು ಚಕ್ರ. ಒಂದರ ಸುದ್ದಿ ಇನ್ನೊಂದಕ್ಕೆ ಹೋಗುವುದಿಲ್ಲ. ಅಲ್ಲಿ ತ್ರಿಜ್ಯದಲ್ಲಿ 12.7 ಮಿಲಿಮೀಟರ್ ಕಡಿಮೆಯಿರುವ ಸ್ಟೆಪ್ನಿ ಹಾಕಿದರೆ ಆ ತೋಳು ಅಷ್ಟು ಕೆಳಗೆ ಇಳಿದು ನಿಲ್ಲುತ್ತದೆ, ರಬ್ಬರು ಅಷ್ಟು ಕಡಿಮೆ ತಿರುಚಿಕೊಳ್ಳುತ್ತದೆ, ಹೊರುವ ಭಾರ ಅಷ್ಟು ಇಳಿಯುತ್ತದೆ. ಪೂರ್ಣ ಹೊರೆಗೆ ತೋಳು 75 ಮಿಲಿಮೀಟರ್ ಏರುತ್ತದೆ ಎಂದು ಲೆಕ್ಕಕ್ಕೆ ಹಿಡಿದರೆ ಆರನೆಯ ಒಂದು ಪಾಲಿನವರೆಗೆ ಹೊರೆ ಜಾರಿಹೋಗಬಹುದು. ಜಾರಿದ್ದರ ಬಹುಪಾಲು ಅದೇ ಮಗ್ಗುಲಿನ ಪಕ್ಕದ ಟಯರಿಗೆ ಬೀಳುತ್ತದೆ. ಜೊತೆಗಾರ ಒಡೆದ ಗಳಿಗೆಯಲ್ಲಿ ತಾನೊಂದೇ ಇಡೀ ಮಗ್ಗುಲನ್ನು ಹೊತ್ತು ಆಗಲೇ ನೊಂದಿರುವ ಟಯರು ಅದು. ಅದಕ್ಕೆ ಮತ್ತೆ ಭಾರ ಹೇರುವುದು ಎರಡನೆಯ ಅಪಘಾತಕ್ಕೆ ದಾರಿ. ಸ್ಟೆಪ್ನಿ ಉಳಿದ ನಾಲ್ಕಕ್ಕೆ ಎಲ್ಲ ವಿಷಯದಲ್ಲೂ ಸರಿಸಮನಾಗಿರಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಇನ್ನು ಗೂಡಿನ ವಿಷಯ. ನಿಂತ ಟಯರು ಮತ್ತು ಮಲಗಿದ ಟಯರು ಕೇಳುವ ಜಾಗ ಬೇರೆ ಬೇರೆ. ಚಕ್ರದ ಗೂಡಿನಲ್ಲಿ ನಿಂತಾಗ ವ್ಯಾಸ ಮೇಲಕ್ಕೆ ಜಾಗ ಬೇಡುತ್ತದೆ, ಅಗಲ ಪಕ್ಕಕ್ಕೆ. ಹೊಟ್ಟೆಯಡಿ ಮಲಗಿದಾಗ ಇದು ಅಡ್ಡತಿರುಗುತ್ತದೆ: ಅಗಲ ನೆಲದಿಂದ ಎಷ್ಟು ಎತ್ತರ ಉಳಿಯಿತು ಎಂಬುದನ್ನು ನಿರ್ಧರಿಸುತ್ತದೆ, ವ್ಯಾಸ ಚಾಸಿಯ ಕಂಬಿಗಳ ನಡುವೆ ಹರಡಿಕೊಳ್ಳುತ್ತದೆ. 15ರಿಂದ 16ಕ್ಕೆ ಹೋಗುವಾಗ ಅಗಲ 225ರಲ್ಲೇ ಉಳಿಯುವುದರಿಂದ ನೆಲದ ಅಂತರಕ್ಕೆ ಧಕ್ಕೆಯಿಲ್ಲ. ಹಾಗಾಗಿಯೇ ಬಗ್ಗಿ ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಅಡಚಣೆ ಇರುವುದು ಅಡ್ಡಕ್ಕೆ.

ಹಲವು ಟ್ರೇಲರ್‌ಗಳಲ್ಲಿ ಸ್ಟೆಪ್ನಿಯನ್ನು ಹೊರುವ ತಟ್ಟೆ ಮುಂಭಾಗದಲ್ಲಿ, ಎಳೆಯುವ ಮೂಕಿಯ ಹಿಂದೆ ಇರುತ್ತದೆ. ಮೂಕಿಯ ಎರಡು ಉಕ್ಕಿನ ಕಂಬಿಗಳು ತುದಿಯಲ್ಲಿ ಕೂಡಿ, ಹಿಂದೆ ಸರಿದಂತೆ ಅಗಲವಾಗುತ್ತವೆ. ಅಮೆರಿಕದಲ್ಲಿ ಅವುಗಳ ನಡುವಿನ ಕೋನಕ್ಕೆ ರೂಢಿಯ ಅಳತೆಯಿದೆ, 50 ಡಿಗ್ರಿ. ಈಗ ಈ ಬೆಣೆಯಾಕಾರದ ಸಂದಿಗೆ ಒಂದು ದುಂಡು ಬಿಲ್ಲೆಯನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ. ಎರಡೂ ಕಂಬಿಗೆ ತಾಗಿದಾಗ ಅದು ನಿಲ್ಲುತ್ತದೆ. ನಿಂತಲ್ಲಿ ತುದಿಬಿಂದುವಿನಿಂದ ಬಿಲ್ಲೆಯ ಕೇಂದ್ರಕ್ಕಿರುವ ದೂರ ಎಷ್ಟು? ತ್ರಿಜ್ಯವನ್ನು ಅರ್ಧಕೋನದ, ಅಂದರೆ 25 ಡಿಗ್ರಿಯ ಸೈನ್‌ನಿಂದ ಭಾಗಿಸಬೇಕು. ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಇಷ್ಟಕ್ಕೆ ಸಾಕು. ಉತ್ತರ ತ್ರಿಜ್ಯದ 2.37 ಪಟ್ಟು. ಕೇಂದ್ರದಿಂದ ಬಿಲ್ಲೆಯ ಹಿಂಬದಿಗೆ ಇನ್ನೊಂದು ತ್ರಿಜ್ಯ. ಒಟ್ಟು 3.37 ಪಟ್ಟು.

15 ಇಂಚಿನ ಟಯರಿನ ತ್ರಿಜ್ಯ 359 ಮಿಲಿಮೀಟರ್. ಅದರ ಹಿಂಬದಿ ತುದಿಬಿಂದುವಿನಿಂದ 1,209 ಮಿಲಿಮೀಟರ್ ದೂರದಲ್ಲಿ ನಿಲ್ಲುತ್ತದೆ. 16 ಇಂಚಿನದರ ತ್ರಿಜ್ಯ 372. ಅದರ ಹಿಂಬದಿ 1,252ಕ್ಕೆ ಹೋಗುತ್ತದೆ. ವ್ಯಾಸ ಬೆಳೆದದ್ದು 25 ಮಿಲಿಮೀಟರ್, ಉದ್ದದಲ್ಲಿ ಬೇಕಾದ ಜಾಗ 43 ಮಿಲಿಮೀಟರ್. ಎಸ್‌ಟಿ 235ಕ್ಕೆ ಏರಿದರಂತೂ ವ್ಯಾಸ 64 ಬೆಳೆದರೆ ಜಾಗ 108 ಮಿಲಿಮೀಟರ್ ಬೇಕು, ಹತ್ತು ಸೆಂಟಿಮೀಟರಿಗೂ ಮಿಗಿಲು. ಕೋನ ಕಿರಿದಾದಷ್ಟೂ ಈ ಹಿಗ್ಗುವಿಕೆ ಜೋರು. ಟಯರು ಹಿಂದೆ ಸರಿಯಲು ಹೋದರೆ ಅಲ್ಲಿ ಚಾಸಿಯ ಅಡ್ಡಕಂಬಿ ಕಾದಿರುತ್ತದೆ, ಅದು ಬೆಸುಗೆ ಹಾಕಿದ್ದು. ತಯಾರಕರು ಆ ಅಡ್ಡಕಂಬಿಯನ್ನು ತಮ್ಮ ಮೂಲ ಟಯರಿಗೆ ಬೆರಳು ಹೋಗುವಷ್ಟು ಜಾಗ ಬಿಟ್ಟು ಕೂರಿಸಿರುತ್ತಾರೆ. ಆ ಬೆರಳಿನ ಜಾಗದಲ್ಲಿ 43 ಮಿಲಿಮೀಟರ್ ಎಲ್ಲಿಂದ ಬರಬೇಕು?

ಹೊಸ ಟಯರು ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಿ ನೋಡುವ ಉಪಾಯವಿದೆ. ದಪ್ಪ ರಟ್ಟಿನಲ್ಲಿ 744 ಮಿಲಿಮೀಟರ್ ವ್ಯಾಸದ ದುಂಡು ಬಿಲ್ಲೆ ಕತ್ತರಿಸಿ, ನಡುವೆ ರಿಮ್ಮಿನ ತೂತಿನ ಜಾಗ ಗುರುತುಹಾಕಿ, ಹಳೆಯ ಸ್ಟೆಪ್ನಿ ಇಳಿಸಿದ ಮೇಲೆ ಅಂಗಾತ ಮಲಗಿ ಆ ಬಿಲ್ಲೆಯನ್ನು ತಟ್ಟೆಯ ಮೇಲೆ ಹಿಡಿಯಬೇಕು. ರಟ್ಟು ಎಲ್ಲಿ ಮಡಚಿಕೊಳ್ಳುತ್ತದೋ ಅಲ್ಲಿ ಟಯರು ತಾಗುತ್ತದೆ. ಬ್ರೇಕಿನ ವೈರಿನ ಕಟ್ಟು, ಅನಿಲದ ತಾಮ್ರದ ಕೊಳವೆ, ತಟ್ಟೆಯ ಕೀಲಿನ ಬೋಲ್ಟಿನ ತಲೆ, ಇವು ನಕ್ಷೆಯಲ್ಲಿ ಕಾಣುವುದಿಲ್ಲ, ರಟ್ಟಿಗೆ ಸಿಗುತ್ತವೆ. ತಟ್ಟೆ ಸಾಮಾನ್ಯವಾಗಿ ಒಂದು ಬದಿಯ ಕೀಲಿನ ಮೇಲೆ ಕೆಳಕ್ಕೆ ಬಾಗಿಲಿನಂತೆ ತೆರೆಯುತ್ತದೆ. ಮುಚ್ಚಿದಾಗ ಹಿಡಿಸುವ ಟಯರು ತೆರೆಯುವ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ಬಿಲ್ಲೆಯನ್ನು ಆ ಚಾಪದಲ್ಲೂ ತಿರುಗಿಸಿ ನೋಡುವುದು ಒಳ್ಳೆಯದು.

ಗಾಳಿ ಇಳಿಸಿ ತುರುಕುವವರಿದ್ದಾರೆ. ಆದರೆ ಗಾಳಿ ತೆಗೆದ ರೇಡಿಯಲ್ ಟಯರು ಸಣ್ಣದಾಗುವುದಿಲ್ಲ. ತುಳಿಮೈಯಡಿಯ ಉಕ್ಕಿನ ಪಟ್ಟಿಗಳು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ; ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಬಿಗಿ. ಮೆತ್ತಗಾದ ಟಯರನ್ನು ಒತ್ತಿ ಕೋಳಿಮೊಟ್ಟೆಯಾಕಾರಕ್ಕೆ ತರಬಹುದು, ಒಂದು ಕಡೆ ಒಳಕ್ಕೆ ಹೋದದ್ದು ಇನ್ನೊಂದು ಕಡೆ ಉಬ್ಬುತ್ತದೆ. ಉಬ್ಬಲು ಜಾಗವಿದ್ದರೆ ಟಯರು ಹಿಡಿಸುತ್ತದೆ. ಆಮೇಲಿನ ಲೆಕ್ಕ ನೋಡಿ. ಈ ಅಳತೆಯ ಟಯರಿನೊಳಗಿನ ಜಾಗ ಸುಮಾರು 45 ಲೀಟರ್ ಎಂದು ಹಿಡಿಯೋಣ. 80 ಪಿಎಸ್‌ಐ ಮುಟ್ಟಲು ಹೊರಗಿನ ಗಾಳಿ 250 ಲೀಟರಿನಷ್ಟು ಒಳಗೆ ಹೋಗಬೇಕು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಪುಟ್ಟ ಪಂಪು ನಿಮಿಷಕ್ಕೆ 15 ಲೀಟರ್ ಕೊಟ್ಟರೂ 17 ನಿಮಿಷ, ಒತ್ತಡ ಏರಿದಂತೆ ಅದರ ವೇಗ ಇಳಿಯುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಹಲವು ಪಂಪುಗಳು 80ರ ಹತ್ತಿರ ಸುಳಿಯುವುದೇ ಇಲ್ಲ. ನೆವಾಡಾದ ಯು.ಎಸ್. 50 ಹೆದ್ದಾರಿಯ ಬದಿಯಲ್ಲಿ, ಬೇಸಿಗೆಯ ನಡುಹಗಲಲ್ಲಿ, ಪಕ್ಕದಲ್ಲೇ ಲಾರಿಗಳು ಹಾಯುವಾಗ ಅರ್ಧ ಗಂಟೆ ಹೆಚ್ಚುವರಿಯಾಗಿ ನಿಲ್ಲುವುದು ನನ್ನ ದೃಷ್ಟಿಯಲ್ಲಿ ಒಪ್ಪತಕ್ಕ ಬೆಲೆಯಲ್ಲ.

ಮುಂದೆ ಹಿಡಿಸದಿದ್ದರೆ ಹಿಂದಿನ ಬಂಪರಿಗೆ ನೇತುಹಾಕುವುದು ರೂಢಿ. ಸುಲಭ, ಅಗ್ಗ, ಬೇಕೆಂದಾಗ ಕೈಗೆ ಸಿಗುತ್ತದೆ. ಆದರೆ ಆ ಬಂಪರು ಹೆಚ್ಚಿನ ಟ್ರೇಲರ್‌ಗಳಲ್ಲಿ ತೆಳು ತಗಡಿನ ಚೌಕ ಕೊಳವೆ. ಅದರ ಟೊಳ್ಳಿನೊಳಗೆ ಕೊಳಚೆ ನೀರಿನ ಹೋಸನ್ನು ಸುತ್ತಿಡುತ್ತಾರೆ, ಅದನ್ನು ಮಾಡಿರುವುದೇ ಅಷ್ಟು ಕೆಲಸಕ್ಕೆ. ಗುಂಡಿ ಹಾರಿದಾಗ 30 ಕಿಲೋ ಸ್ಟೆಪ್ನಿ ಒಂದು ಕ್ಷಣ ತನ್ನ ತೂಕದ ನಾಲ್ಕು ಪಟ್ಟು ಬಲ ಹಾಕಿದರೆ 120 ಕಿಲೋ, ಅದೂ ಕೊಳವೆಯಿಂದ ಆಚೆಗೆ ಚಾಚಿಕೊಂಡು, ತಿರುಚುವಂತೆ. ಬೆಸುಗೆ ಒಂದೇ ಏಟಿಗೆ ಕಳಚುವುದಿಲ್ಲ. ಸಾವಿರಾರು ಸಣ್ಣ ಏಟುಗಳಿಗೆ ಕೂದಲೆಳೆಯ ಬಿರುಕು ಬೆಳೆಯುತ್ತದೆ, ಒಂದು ದಿನ ಬಂಪರು, ಸ್ಟೆಪ್ನಿ, ಹೋಸು ಮೂರೂ ರಸ್ತೆಗೆ ಬೀಳುತ್ತವೆ. ಹಿಂದೆ ಬರುವವರ ಪಾಡು ಏನು?

ತಕ್ಕಡಿಯ ಪ್ರಶ್ನೆಯೂ ಇದೆ. ಟ್ರೇಲರ್ ಆಕ್ಸಲಿನ ಮೇಲೆ ತೂಗುವ ಸನ್ನೆ. ಅದರ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಎಳೆಯುವ ಗಾಡಿಯ ಕೊಂಡಿಯ ಮೇಲೆ ಕೂರಬೇಕು, ಕಡಿಮೆಯಾದರೆ ವೇಗದಲ್ಲಿ ಬಾಲ ಅಲ್ಲಾಡಲು ಶುರುವಾಗುತ್ತದೆ. ಆಕ್ಸಲುಗಳ ನಡುಮಧ್ಯ ಕೊಂಡಿಯಿಂದ 4.5 ಮೀಟರ್ ಹಿಂದೆ ಇದೆ ಎನ್ನಿ. ಕೊಂಡಿಯಿಂದ ಒಂದು ಮೀಟರ್ ದೂರದಲ್ಲಿ ಮಲಗಿರುವ 30 ಕಿಲೋ ಸ್ಟೆಪ್ನಿ ಕೊಂಡಿಗೆ 23 ಕಿಲೋ ಕೊಡುತ್ತದೆ. ಅದನ್ನೇ 7.2 ಮೀಟರ್ ದೂರದ ಬಂಪರಿಗೆ ಕಟ್ಟಿದರೆ ಕೊಂಡಿಯಿಂದ 18 ಕಿಲೋ ಕಿತ್ತುಕೊಳ್ಳುತ್ತದೆ. ಮೂವತ್ತು ಕಿಲೋ ಸಾಮಾನನ್ನು ಸ್ಥಳಾಂತರಿಸಿದ್ದಕ್ಕೆ ಕೊಂಡಿಯ ಭಾರದಲ್ಲಿ 41 ಕಿಲೋ ವ್ಯತ್ಯಾಸ. ಮೊದಲೇ ಅಂಚಿನಲ್ಲಿರುವ ಟ್ರೇಲರನ್ನು ಇಷ್ಟೇ ಕೆಡಿಸಬಲ್ಲದು.

ಭೌತಶಾಸ್ತ್ರದ ಕಣ್ಣಿಗೆ ಒಳ್ಳೆಯ ಜಾಗವೆಂದರೆ ಆಕ್ಸಲಿನ ಸಮೀಪ, ಸ್ವಲ್ಪ ಮುಂದೆ, ಕೆಳಗೆ. ಅಲ್ಲಿ ಭಾರವೂ ತೂಗಿಕೊಳ್ಳುತ್ತದೆ, ಬಾಲ ಬೀಸುವ ಜಡತ್ವವೂ ಹೆಚ್ಚುವುದಿಲ್ಲ. ಬ್ರಿಟನ್ನಿನ ಕಾರವಾನ್‌ಗಳಲ್ಲಿ ಜರ್ಮನಿಯ ಆಲ್ಕೊ ಕಂಪನಿಯ ಚಾಸಿಯಡಿ ಇಂಥ ಸ್ಟೆಪ್ನಿ ತೊಟ್ಟಿಲು ಬಹಳ ದಿನಗಳಿಂದ ಇದೆ. ಒಂದರೊಳಗೊಂದು ಜಾರುವ ಕೊಳವೆಗಳ ಮೇಲೆ ಅದು ಪಕ್ಕಕ್ಕೆ ಹೊರಬರುತ್ತದೆ. ಅಮೆರಿಕದ ಟ್ರೇಲರ್‌ಗಳಿಗೆ ಅಂಥದನ್ನು ಹೊಸದಾಗಿ ಕೂರಿಸುವುದು ಕಬ್ಬಿಣ ಕೆಲಸದವರ ಬಳಿಗೆ ಹೋಗಿ ಮಾಡಿಸಬೇಕಾದ ಕೆಲಸ. ಮುಂದಿನ ಗೂಡನ್ನೇ ಹಿಗ್ಗಿಸುವವರೂ ಅಲ್ಲಿಗೇ ಹೋಗುತ್ತಾರೆ: ಅಡ್ಡಕಂಬಿಗೆ ಕೈಹಾಕದೆ, ತಟ್ಟೆಯ ಕೀಲನ್ನು ನಡುವೆ ಉಕ್ಕಿನ ತುಂಡಿಟ್ಟು ಕೆಳಕ್ಕಿಳಿಸಿದರೆ ಟಯರು ಕಂಬಿಗಳ ನಡುವೆ ತೂರುವ ಬದಲು ಅವುಗಳ ಅಡಿಗೆ ಹೋಗುತ್ತದೆ. ಆಗ ಬೆಣೆಯ ಗಣಿತದಿಂದ ಬಿಡುಗಡೆ ಸಿಗುತ್ತದೆ, ಬದಲಿಗೆ ನೆಲದ ಅಂತರ ಕೈಬಿಡುತ್ತದೆ. ಪೆಟ್ರೋಲ್ ಬಂಕಿನ ಒಳದಾರಿಯಲ್ಲಿ, ಕ್ಯಾಂಪಿನ ಮಣ್ಣು ದಿಬ್ಬದಲ್ಲಿ ಮೊದಲು ತಾಗುವುದು ಈಗ ಸ್ಟೆಪ್ನಿಯೇ.

ಇವನ್ನೆಲ್ಲ ಚಾಸಿಗೆ ಬಿಗಿಯುವ ಬೋಲ್ಟಿನ ತೂತನ್ನು ಎಲ್ಲಿ ಕೊರೆಯಬೇಕು ಎಂಬುದೂ ಮುಖ್ಯ. ಬಾಗುವ ಉಕ್ಕಿನ ತೊಲೆಯ ಮೇಲಂಚು, ಕೆಳಅಂಚುಗಳಲ್ಲಿ ಒತ್ತಡ ಅತಿ ಹೆಚ್ಚು. ಎತ್ತರದ ನಡುಗೆರೆಯಲ್ಲಿ ಸೊನ್ನೆಯ ಹತ್ತಿರ. ಅಂಚಿನ ಚಪ್ಪಟೆ ಭಾಗ ಡ್ರಿಲ್ಲಿಗೆ ಸುಲಭವಾಗಿ ಸಿಗುತ್ತದೆ, ಆದ್ದರಿಂದ ಅಲ್ಲೇ ಕೊರೆಯುವ ಆಸೆ. ಆದರೆ ಅಲ್ಲಿ ಮಾಡಿದ ತೂತಿನ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ನಿಂತ ಗೋಡೆಯ ನಡುಭಾಗದಲ್ಲಿ ಕೊರೆದ ತೂತು ತೊಲೆಯ ಶಕ್ತಿಯನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ.

ಇಷ್ಟೆಲ್ಲ ಮಾಡಿ ಒಳ್ಳೆಯ ದೊಡ್ಡ ಸ್ಟೆಪ್ನಿಯನ್ನು ಹೊಟ್ಟೆಯಡಿ ಮಲಗಿಸಿದ ಮೇಲೆ ಅದನ್ನು ಮರೆಯುವುದು ಬಲು ಸುಲಭ. ಆದರೆ ಓಡದ ಟಯರೂ ಮುದಿಯಾಗುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಅರಿಜೋನಾದ ಫೀನಿಕ್ಸ್‌ನ ಬಿಸಿಲಲ್ಲಿ ಬಳಕೆಯಾದ ಟಯರ್‌ಗಳನ್ನು ಕಲೆಹಾಕಿ ಪರೀಕ್ಷಿಸಿದಾಗ, ನೆಲಕ್ಕೆ ತಾಗದೆ ಗಾಡಿಯಲ್ಲೇ ಉಳಿದಿದ್ದ ಸ್ಟೆಪ್ನಿಗಳ ರಬ್ಬರೂ ಶಕ್ತಿಗುಂದಿದ್ದು ಕಂಡಿತು. ಶತ್ರು ಒಳಗಿದ್ದಾನೆ. 80 ಪಿಎಸ್‌ಐ ತುಂಬಿದ ಟಯರಿನೊಳಗೆ ಆಮ್ಲಜನಕದ ಪಾಲಿನ ಒತ್ತಡ ಹೊರಗಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಆ ಆಮ್ಲಜನಕ ಒಳಗಿನ ಬ್ಯೂಟೈಲ್ ಪದರವನ್ನು ನಿಧಾನವಾಗಿ ಹಾದು ಉಕ್ಕಿನ ಪಟ್ಟಿಯ ಸುತ್ತಲಿನ ರಬ್ಬರನ್ನು ಗಡುಸು ಮಾಡುತ್ತದೆ, ಸೆಕೆ ಹೆಚ್ಚಿದಷ್ಟೂ ವೇಗವಾಗಿ. ಹೊರಮೈಗೆ ಇನ್ನೊಂದು ಕಷ್ಟ. ಓಜೋನಿನಿಂದ ಕಾಯಲು ರಬ್ಬರಿನಲ್ಲಿ ಬೆರೆಸಿದ ಮೇಣ ಮತ್ತು ರಾಸಾಯನಿಕಗಳು ಟಯರು ಬಾಗಿ ಓಡಿದಾಗ ಮೇಲ್ಮೈಗೆ ಬರುತ್ತಿರುತ್ತವೆ. ಮಲಗಿದ ಟಯರಿನಲ್ಲಿ ಆ ಹರಿವು ಮಂದ. ಬಿಸಿಲಿನ ನೇರಳಾತೀತ ಕಿರಣ ಹೊಟ್ಟೆಯಡಿ ತಲುಪುವುದಿಲ್ಲ ಎಂಬುದೊಂದೇ ಅನುಕೂಲ, ಚಳಿಗಾಲದ ರಸ್ತೆಯ ಉಪ್ಪುನೀರು ಮಾತ್ರ ಧಾರಾಳವಾಗಿ ತಲುಪುತ್ತದೆ.

ಆದ್ದರಿಂದ ಕೂರಿಸುವಾಗ ಗಾಳಿ ತುಂಬುವ ವಾಲ್ವಿನ ಬಾಯಿ ಕೆಳಕ್ಕೆ, ಕೈಗೆಟುಕುವ ಕಡೆ ಇರಬೇಕು. ಮೇಲ್ಮುಖವಾಗಿದ್ದರೆ ಒತ್ತಡ ನೋಡಲು ಪ್ರತಿ ಸಲ ಟಯರನ್ನೇ ಇಳಿಸಬೇಕು, ಆಗ ಯಾರೂ ನೋಡುವುದಿಲ್ಲ. ಪಕ್ಕೆಯ ಮೇಲೆ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆ ಅಂಕಿಗಳಿರುವ ಮಗ್ಗುಲನ್ನೂ ಕೆಳಕ್ಕೆ ಮಾಡಿ ಮಲಗಿಸಿದರೆ ವಯಸ್ಸು ಟಾರ್ಚಿನ ಬೆಳಕಿಗೇ ಸಿಗುತ್ತದೆ. ಅಳತೆ, ರಿಮ್ಮು, ಬೋಲ್ಟಿನ ತೂತು ಐದಕ್ಕೂ ಒಂದೇ ಆಗಿರುವ ಟ್ರೇಲರಿನಲ್ಲಿ ಸ್ಟೆಪ್ನಿಯನ್ನೂ ಸರದಿಗೆ ಸೇರಿಸಿ ಓಡಿಸಬಹುದು. ಒಂದು ಸುತ್ತು ಮುಗಿದಾಗ ಮಲಗಿದ್ದು ಆಕ್ಸಲಿಗೆ ಬರುತ್ತದೆ, ಆಕ್ಸಲಿನಲ್ಲಿದ್ದುದರಲ್ಲಿ ಒಂದು ತಟ್ಟೆಗೆ ಹೋಗುತ್ತದೆ, ಐದೂ ಒಟ್ಟಿಗೆ ಸವೆಯುತ್ತವೆ. ಹೊಸ ಜೊತೆ ಕೊಳ್ಳುವಾಗ ಅಂಗಡಿಯವರಿಗೆ ನಾಲ್ಕಲ್ಲ, ಐದು ಎಂದು ಹೇಳಬೇಕಾಗುತ್ತದೆ.